ಸೂರ್ಯನ ಹಬ್ಬಕ್ಕೆ ಸ್ವೆಟರ್

ಸುಮಾ ಮನೆಯಲ್ಲಿ ಚುರುಮುರಿ ಖಾಲಿಯಾಗುವ ಹೊತ್ತಿಗೆ ಪೆರು ದೇಶದ ಕುಸ್ಕೋಗೆ ಹೋಗುವುದು ಪಕ್ಕಾ ಆಗಿತ್ತು. ಯಾವಾಗ ಅನ್ನೋದು ಮಾತ್ರ ಎರಡನೇ ಕಾಫಿ ಬಂದರೂ ಬಗೆಹರಿಯಲಿಲ್ಲ.

"ಜೂನ್ 24. ಇಂತಿ ರೈಮಿ, ಹಳೇ ಇಂಕಾ ಜನರ ಸೂರ್ಯನ ಹಬ್ಬ. ತಾರೀಖು ಬದಲಾಗಲ್ಲ" ಎಂದ ಗಿರಿ. ಸೂರ್ಯನ ಹಬ್ಬ ಅಂತ ನಾಲ್ಕು ತೆಳು ಕಾಟನ್ ಅಂಗಿ ಬೇರೆ ತಂದಿಟ್ಟುಕೊಂಡಿದ್ದ.

"ಅಲ್ವೋ, ಜೂನ್ ಅಂದರೆ ಅಲ್ಲಿ ಚಳಿಗಾಲ! ದೂರ ಹೋದ ಸೂರ್ಯನನ್ನು ವಾಪಸ್ ಬಾರಪ್ಪಾ ಅಂತ ಕರೆಯುವ ಹಬ್ಬ ಅದು. ರಾತ್ರಿ ಸೊನ್ನೆ ಡಿಗ್ರಿ ಹತ್ತಿರ ಇಳಿಯುತ್ತೆ. ಊರು ಇರೋದು 3,400 ಮೀಟರ್ ಎತ್ತರದಲ್ಲಿ. ನೀನು 1,930 ಮೀಟರಿನ ಮುಳ್ಳಯ್ಯನಗಿರಿಯ ಮೆಟ್ಟಿಲಲ್ಲೇ ಕೂತು ಮಜ್ಜಿಗೆ ಕೇಳಿದವನು" ಎಂದಳು ಸುಮಾ.

"ಉಸಿರು ಕಟ್ಟಿದರೆ ಅಲ್ಲಿ ಕೋಕಾ ಎಲೆ ಟೀ ಕೊಡುತ್ತಾರೆ."

"ಕುಡಿ. ಮಿಕ್ಕ ಎಲೆ ಜೇಬಿಗೆ ಹಾಕಿಕೊಂಡು ಬರಬೇಡ, ಕೊಕೇನ್ ಮಾಡೋದು ಅದರಿಂದಲೇ, ಏರ್‌ಪೋರ್ಟಿನಿಂದ ಸೀದಾ ಜೈಲು."

ನಾಗೇಶನಿಗೆ ಇಂತಿ ರೈಮಿ ಮೇಲೆ ಅಷ್ಟು ಮನಸ್ಸಿಲ್ಲ. ಸ್ಪೇನಿನವರ ಕಾಲದಲ್ಲಿ ನಿಂತುಹೋದದ್ದನ್ನು 1944ರಲ್ಲಿ ನಾಟಕದ ಹಾಗೆ ಮತ್ತೆ ಶುರು ಮಾಡಿದ್ದು, ಇಂಕಾ ರಾಜನೂ ನಟ, ಲಾಮಾ ಬಲಿಯೂ ನಟನೆ, ಸಕ್ಸಾಯ್‌ವಮಾನ್ ಕೋಟೆಯಲ್ಲಿ ಕುರ್ಚಿಗೆ ಟಿಕೆಟ್ಟು ಅಂತ ಅವನ ತಕರಾರು. (ನಾಟಕವಾದರೆ ಏನೀಗ, ನಮ್ಮ ದಸರಾದಲ್ಲೂ ಕುರ್ಚಿಗೆ ಟಿಕೆಟ್ಟೇ ಅಲ್ವಾ.) ಅವನಿಗೆ ಕಾರ್ಪಸ್ ಕ್ರಿಸ್ಟಿ ಅನ್ನೋ ಕ್ರೈಸ್ತರ ಹಬ್ಬ ಬೇಕು. ಊರಿನ ಬೇರೆ ಬೇರೆ ಚರ್ಚುಗಳಿಂದ 15 ಸಂತರು, ಮಾತೆಯರ ವಿಗ್ರಹಗಳನ್ನು ಹೆಗಲ ಮೇಲೆ ಹೊತ್ತು ತಂದು, ದೊಡ್ಡ ಕೆಥೆಡ್ರಲ್‌ನಲ್ಲಿ ವಾರ ಕೂರಿಸುತ್ತಾರೆ. ಸಂತ ಜೆರೋಮ್ ಕಡೆಯವರಿಗೂ ಸಂತ ಸೆಬಾಸ್ಟಿಯನ್ ಕಡೆಯವರಿಗೂ ದಾರಿಯಲ್ಲಿ ಓಟದ ಪೈಪೋಟಿ! ನಮ್ಮೂರ ತೇರಿನ ಹಗ್ಗಕ್ಕೆ ಎರಡು ಕೇರಿಯವರು ಕಿತ್ತಾಡುವುದು ನೆನಪಾಯಿತು.

"ಊಟ?" ಸಸ್ಯಾಹಾರಿ ಸುಮಾ ಕೇಳಿದಳು.

"ಚಿರಿಯುಚು. ಒಂದೇ ತಟ್ಟೆಯಲ್ಲಿ ಕೋಳಿ, ಒಣಮಾಂಸ, ಮೀನಿನ ಮೊಟ್ಟೆ, ಗಿನಿಪಿಗ್. ಎಲ್ಲಾ ತಣ್ಣಗೆ. ಗಿನಿಪಿಗ್ಗಿಗೆ ಅಲ್ಲಿ ಕುಯ್ ಅನ್ನುತ್ತಾರೆ."

"ಪಾಪ, ಹೆಸರಿಡುವಾಗಲೇ ಕುಯ್ ಅಂದುಬಿಟ್ಟರಾ! ನನಗೇನಿದೆ?"

"ಹುರಿದ ಮುಸುಕಿನ ಜೋಳ, ಚೀಸು. ಆಮೇಲೆ ಸಮುದ್ರದ ಪಾಚಿ."

"ಪಾಚಿಗೆ ಪೆರು ತನಕ ಯಾಕೆ, ನಮ್ಮ ಸಂಪಿನಲ್ಲೇ ಬೇಕಾದಷ್ಟಿದೆ."

ಕೊನೆಗೆ ಎರಡೂ ಹಬ್ಬ ನೋಡೋಣ ಅಂತಾಯಿತು. ಆಗ ಶುರುವಾಯಿತು ನೋಡಿ ಪಂಚಾಂಗದ ಕಾಟ. ಕಾರ್ಪಸ್ ಕ್ರಿಸ್ಟಿ ಬರೋದು ಈಸ್ಟರ್ ಆಗಿ 60 ದಿನಕ್ಕೆ, ಈಸ್ಟರ್ ಬರೋದು ಹುಣ್ಣಿಮೆ ನೋಡಿಕೊಂಡು. 2027ರಲ್ಲಿ ಮೇ 27ಕ್ಕೇ ಬರುತ್ತೆ. ಅಲ್ಲಿಂದ ಜೂನ್ 24ರ ತನಕ ಕುಸ್ಕೋದಲ್ಲಿ ಕೂರಬೇಕು.

"ತಿಂಗಳು ರಜಾ ಕೇಳಿದರೆ ನಮ್ಮ ಬಾಸು ಖಾಯಂ ರಜಾನೇ ಕೊಡುತ್ತಾರೆ" ಎಂದೆ.

ನಾಗೇಶ ಫೋನಿನಲ್ಲಿ ಮುಖ ಹುದುಗಿಸಿ ಲೆಕ್ಕ ಹಾಕಿದ. "2028! ಜೂನ್ 15 ಕಾರ್ಪಸ್, 22ಕ್ಕೆ ವಾರದ ಕೊನೆಯ ಮೆರವಣಿಗೆ, 24ಕ್ಕೆ ಇಂತಿ ರೈಮಿ. ಹತ್ತೇ ದಿನ!"

ಗಿರಿ ಆಗಲೇ ಫೋನ್ ಎತ್ತಿದ್ದ. "ಅಮ್ಮಾ, ಒಂದು ಸ್ವೆಟರ್ ಹೆಣೆದುಕೊಡ್ತೀಯಾ? ಇಲ್ಲ ಇಲ್ಲ, ಅರ್ಜೆಂಟಿಲ್ಲ."