‘ಸವಿತಾ ಕೀ ಭಾಯಿ’: ನಾಲ್ಕನೆಯ ತರಗತಿಯ ಮಕ್ಕಳಿಗೆ ಹಿಂದಿ, ಇಂಗ್ಲಿಷ್ ಹೋಲಿಸಿ ಕಲಿಸಬಹುದೇ?

ಪ್ರಶ್ನೆ: ಶಿಕ್ಷಕಿ, ವಿದ್ಯಾನಗರ, ಹುಬ್ಬಳ್ಳಿ

ರಾಜ್ಯ ಪಠ್ಯಕ್ರಮದ ಸರ್ಕಾರಿ ಶಾಲೆಗಳಲ್ಲಿ ಹಿಂದಿ ಆರನೆಯ ತರಗತಿಯಿಂದ ತೃತೀಯ ಭಾಷೆಯಾಗಿ ಬರುತ್ತದೆ. ನಮ್ಮ ಖಾಸಗಿ ಶಾಲೆಯಲ್ಲಿ ಅದು ಒಂದನೆಯ ತರಗತಿಯಿಂದಲೇ ಇದೆ. ನಾಲ್ಕನೆಯ ತರಗತಿಗೆ ಹಿಂದಿ ಮತ್ತು ಇಂಗ್ಲಿಷ್ ಎರಡನ್ನೂ ನಾನೇ ಕಲಿಸುತ್ತೇನೆ. ಕಳೆದ ವಾರ ಹುಡುಗಿಯೊಬ್ಬಳು ತನ್ನ ಗೆಳತಿಯ ಅಣ್ಣನ ಬಗ್ಗೆ ‘ಸವಿತಾ ಕೀ ಭಾಯಿ’ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನಿನಿಂದ ‘ಕಾ’ ಎಂದು ತಿದ್ದಿದೆ. ಅವಳು ವಹಿ ಹಿಡಿದುಕೊಂಡು ಮೇಜಿನ ಹತ್ತಿರ ಬಂದು, ‘ಸವಿತಾ ಹುಡುಗಿ ಅಲ್ಲೇನ್ರೀ ಟೀಚರ್?’ ಎಂದು ಕೇಳಿದಳು.

ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ಕನ್ನಡದ ‘ಅವಳ ಅಣ್ಣ’, ಇಂಗ್ಲಿಷಿನ ‘ಹರ್ ಬ್ರದರ್’ ಎರಡರಲ್ಲೂ ನಾವು ನೋಡುವುದು ಯಾರ ಅಣ್ಣ ಎಂಬುದನ್ನು. ಹಿಂದಿಯ ‘ಕಾ’, ‘ಕೀ’ ಮಾತ್ರ ತಮ್ಮ ಮುಂದೆ ಬರುವ ಪದದ ಲಿಂಗವನ್ನು ಅನುಸರಿಸುತ್ತವೆ. ಇಂತಹ ವ್ಯತ್ಯಾಸಗಳನ್ನು ಒಂಬತ್ತು ವರ್ಷದ ಮಕ್ಕಳ ಮುಂದೆ ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ ಅವರಿಗೆ ಬೆಳಕಾಗುತ್ತದೆಯೋ, ಗೊಂದಲ ಹೆಚ್ಚುತ್ತದೆಯೋ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಿಂದಿ ಶಿಕ್ಷಕ, ಗದಗ

ಅಕ್ಕನವರೇ, ಖಂಡಿತ ಹೋಲಿಸಿರಿ. ಆದರೆ ಹಿಂದಿ ಮತ್ತು ಇಂಗ್ಲಿಷನ್ನಷ್ಟೇ ಎದುರುಬದುರು ನಿಲ್ಲಿಸಬೇಡಿರಿ, ನಡುವೆ ಕನ್ನಡವನ್ನು ಇಡಿರಿ. ‘ಹುಡುಗಿ ಮಾವಿನಹಣ್ಣು ತಿನ್ನುತ್ತಾಳೆ’, ‘ಲಡಕೀ ಆಮ್ ಖಾತೀ ಹೈ’, ‘ದ ಗರ್ಲ್ ಈಟ್ಸ್ ಅ ಮ್ಯಾಂಗೋ’ ಎಂಬ ಮೂರು ವಾಕ್ಯಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಕ್ರಿಯಾಪದದ ಚೀಟಿಗೆ ಮಾತ್ರ ಹಳದಿ ಬಣ್ಣ ಹಚ್ಚಿ, ಮಕ್ಕಳ ಕೈಗೇ ಕೊಟ್ಟು ಸಾಲಾಗಿ ನಿಲ್ಲಿಸಿರಿ. ಕನ್ನಡ ಮತ್ತು ಹಿಂದಿಯ ಸಾಲುಗಳಲ್ಲಿ ಹಳದಿ ಚೀಟಿ ಕೊನೆಗೆ ಬರುತ್ತದೆ, ಇಂಗ್ಲಿಷಿನ ಸಾಲಿನಲ್ಲಿ ನಡುವೆ ಸೇರುತ್ತದೆ. ‘ಮೇಜಿನ ಮೇಲೆ’, ‘ಮೇಜ್ ಪರ್’, ‘ಆನ್ ದ ಟೇಬಲ್’ ಎಂಬುದೂ ಹೀಗೆಯೇ: ‘ಮೇಲೆ’ ಎಂಬ ಅರ್ಥದ ಪದ ಮೊದಲೆರಡರಲ್ಲಿ ಮೇಜಿನ ನಂತರ ಬರುತ್ತದೆ, ಮೂರನೆಯದರಲ್ಲಿ ಅದಕ್ಕಿಂತ ಮೊದಲೇ ಬರುತ್ತದೆ. ಕರ್ತೃ, ಕರ್ಮ ಎಂಬ ಹೆಸರುಗಳು ಈ ವಯಸ್ಸಿಗೆ ಬೇಕಿಲ್ಲ.

ಲಿಂಗದ ವಿಷಯಕ್ಕೆ ಬಂದರೆ ಜೋಡಿ ಬದಲಾಗುತ್ತದೆ. ನಾವು ಕುರ್ಚಿಯನ್ನು ‘ಅದು’ ಎನ್ನುತ್ತೇವೆ, ಇಂಗ್ಲಿಷಿನವರು ‘ಇಟ್’ ಎನ್ನುತ್ತಾರೆ. ಹಿಂದಿಯಲ್ಲಿ ನಪುಂಸಕಲಿಂಗವೇ ಇಲ್ಲದ ಕಾರಣ ಜೀವವಿಲ್ಲದ ವಸ್ತುವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ ಆಗಲೇಬೇಕು. ‘ಪೇಡಾ ಅಚ್ಛಾ ಹೈ’, ‘ರೋಟೀ ಅಚ್ಛೀ ಹೈ’ ಎಂದು ಊಟದ ಡಬ್ಬಿಯಿಂದಲೇ ಆರಂಭಿಸಬಹುದು. ‘ಈ’ಕಾರದಿಂದ ಮುಗಿಯುವುದೆಲ್ಲ ಸ್ತ್ರೀಲಿಂಗ ಎಂದು ಮಾತ್ರ ನಿಯಮ ಹೇಳಿಬಿಡಬೇಡಿರಿ, ಏಕೆಂದರೆ ಪಾನೀ, ಘೀ, ದಹೀ ಮೂರೂ ಪುಲ್ಲಿಂಗಗಳು, ಮತ್ತು ಮಕ್ಕಳು ದಿನವೂ ಬಳಸುವ ಪದಗಳೇ ಅವು.

ಉತ್ತರ: ಪಾಲಕ, ಹಳೇ ಹುಬ್ಬಳ್ಳಿ

ನಮ್ಮ ಮನೆಯ ಮಾತು ದಖ್ಖನಿ, ಅಂದರೆ ದಖ್ಖನ್ ಸೀಮೆಯ ಉರ್ದು. ನನ್ನ ಮಗ ‘ಮೈಂ ರೋಟೀ ಖಾಯಾ’ ಎನ್ನುತ್ತಾನೆ; ಪುಸ್ತಕದಲ್ಲಿರುವುದು ‘ಮೈಂನೇ ರೋಟೀ ಖಾಯೀ’. ಮನೆಯಲ್ಲಿ ನಾವು ‘ಕಿತಾಬಾಂ’ ಎಂದರೆ ಪುಸ್ತಕದಲ್ಲಿ ‘ಕಿತಾಬೇಂ’ ಎಂದಿರುತ್ತದೆ. ‘ನಿಮ್ಮ ಮನೆಯಲ್ಲಿ ಹಿಂದಿಯನ್ನು ಕೆಡಿಸಿದ್ದೀರಿ’ ಎಂದು ಒಮ್ಮೆ ತರಗತಿಯಲ್ಲಿ ಎಲ್ಲರೆದುರು ಹೇಳಿಸಿಕೊಂಡು ಬಂದ ಮೇಲೆ ಅವನು ಆ ಪಿರಿಯಡ್‌ನಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟನು. ಗದಗಿನ ಸರ್ ಹೇಳಿದಂತೆ ಕನ್ನಡಕ್ಕೆ ಒಂದು ಸಾಲು ಕೊಡುವುದಾದರೆ, ನಮ್ಮಂಥವರ ಮನೆಮಾತಿಗೂ ಒಂದು ಸಾಲು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ದಖ್ಖನಿಗೆ ಶತಮಾನಗಳ ಸಾಹಿತ್ಯವಿದೆ, ತನ್ನದೇ ನಿಯಮಗಳಿವೆ. ಅದು ಕೆಟ್ಟುಹೋದ ಹಿಂದಿಯಲ್ಲ.

ಉತ್ತರ: ನಿವೃತ್ತ ಶಿಕ್ಷಕಿ, ಧಾರವಾಡ

ಪಾಲಕರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಓದಿಸುವಾಗಿನ ಒಂದು ಸಂಗತಿಯನ್ನು ಸೇರಿಸುತ್ತೇನೆ. ದೇವನಾಗರಿಯಲ್ಲಿ ‘ಕಮಲ’ ಎಂದು ಬರೆದುದನ್ನು ಹಿಂದಿಯಲ್ಲಿ ‘ಕಮಲ್’ ಎಂದು ಓದಬೇಕು. ಬರೆದಂತೆಯೇ ಓದುವ ಕನ್ನಡದ ರೂಢಿಯಿಂದ ಬಂದ ಮಕ್ಕಳು ಕೊನೆಯ ಅಕಾರವನ್ನೂ ಉಚ್ಚರಿಸುತ್ತಾರೆ. ಅವರೇ ಇಂಗ್ಲಿಷಿನ ‘ನೈಫ್’ (knife) ಪದದ ಮೊದಲ ಅಕ್ಷರ ‘ಕೆ’ಯನ್ನು ತಕರಾರಿಲ್ಲದೆ ಬಿಟ್ಟು ಓದುತ್ತಾರೆ. ಇವೆರಡನ್ನೂ ಒಂದೇ ದಿನ ತೋರಿಸಿದರೆ, ಬರೆದುದೆಲ್ಲವನ್ನೂ ಎಲ್ಲ ಭಾಷೆಗಳೂ ಉಚ್ಚರಿಸುವುದಿಲ್ಲ ಎಂಬುದು ಅವರಿಗೆ ಕೂಡಲೇ ಹೊಳೆಯುತ್ತದೆ. ಆದರೆ ಒಂದು ವಾರಕ್ಕೆ ಒಂದೇ ವ್ಯತ್ಯಾಸವಿರಲಿ. ಪಾಲಕರು ಹೇಳಿದ ‘ಮೈಂನೇ’ ಪದದಲ್ಲಿರುವಂತಹ ‘ನೇ’ ಪ್ರಯೋಗವನ್ನು ನಾಲ್ಕನೆಯ ತರಗತಿಯಲ್ಲಿ ಬಿಡಿಸಿ ಹೇಳುವುದಕ್ಕೆ ಹೋಗಲೇಬೇಡಿರಿ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಚೀಟಿಗಳ ಆಟವನ್ನು ಆಡಿಸಿದೆ. ಮನೆಯಲ್ಲಿ ಮರಾಠಿ ಮತ್ತು ದಖ್ಖನಿ ಆಡುವ ಮಕ್ಕಳು ತಮ್ಮ ಸಾಲುಗಳನ್ನು ತಾವೇ ಬರೆದು ತಂದಿದ್ದರು. ಐದು ಸಾಲುಗಳಲ್ಲಿ ನಾಲ್ಕರ ಹಳದಿ ಚೀಟಿ ಕೊನೆಯಲ್ಲಿ ನಿಂತಿತು. ಬಳಿಕ ಕರಿಹಲಗೆಯ ಮೇಲೆ ‘ಸವಿತಾ ___ ಭಾಯಿ’, ‘ರವಿ ___ ಬಹನ್’ ಎಂದು ಬರೆದೆ. ಆ ಹುಡುಗಿ ಮುಂದೆ ಬಂದು, ಸವಿತಾ ಎಂಬ ಹೆಸರನ್ನು ಅಂಗೈಯಿಂದ ಮುಚ್ಚಿ, ‘ಭಾಯಿ’ ಎಂಬುದನ್ನು ಮಾತ್ರ ನೋಡುತ್ತ ‘ಕಾ’ ಎಂದು ತುಂಬಿದಳು.