ಗರಿಯ ಭಾಗಗಳಿಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ನಮ್ಮೂರ ಕೆರೆ ದಂಡೆಯಲ್ಲಿ ಹಕ್ಕಿಗಳ ಫಲಕ ಹಾಕುತ್ತಿದ್ದೇವೆ. ನಾಳಿದ್ದು ಪ್ರಿಂಟಿಗೆ ಹೋಗಬೇಕು. ದೊಡ್ಡದೊಂದು ಗರಿಯ ಚಿತ್ರ ಇದೆ, ಅದರ ಭಾಗಗಳಿಗೆ ಹೆಸರು ಬರೆಯಬೇಕು. ನಡುವಿನ ಗಟ್ಟಿ ಕಡ್ಡಿ ರೇಕಿಸ್. ಬುಡದಲ್ಲಿ ಚರ್ಮದೊಳಗೆ ಕೂರುವ ಟೊಳ್ಳು ಭಾಗ ಕ್ಯಾಲಮಸ್. ಕಡ್ಡಿಯ ಎರಡೂ ಕಡೆ ಸಾಲಾಗಿ ಹೊರಡುವುದು ಬಾರ್ಬ್. ಪ್ರತಿ ಬಾರ್ಬಿನಿಂದ ಕವಲೊಡೆಯುವ ಇನ್ನೂ ಸಣ್ಣದು ಬಾರ್ಬ್ಯೂಲ್. ಪ್ರತಿ ಬಾರ್ಬಿನಲ್ಲೂ ಗರಿಯ ತುದಿ ಕಡೆಗೆ ಮುಖ ಮಾಡಿದ ಬಾರ್ಬ್ಯೂಲಿಗೆ ಕೊಕ್ಕೆಗಳಿರುತ್ತವೆ. ಅವು ಪಕ್ಕದ ಬಾರ್ಬಿನ ಕೊಕ್ಕೆಯಿಲ್ಲದ ಬಾರ್ಬ್ಯೂಲಿನ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಕಾಗೆ ಗರಿಯನ್ನು ಬುಡದ ಕಡೆಗೆ ಸವರಿದರೆ ಸೀಳು ಬಿಡುತ್ತೆ, ತುದಿ ಕಡೆಗೆ ಸವರಿದರೆ ಮತ್ತೆ ಒಂದಾಗುತ್ತೆ, ಅಲ್ವಾ? ಅದು ಈ ಕೊಕ್ಕೆಗಳ ಕೆಲಸ. ಕೊಕ್ಕೆಗೆ ಪದ ಇದೆ. ಉಳಿದ ನಾಲ್ಕಕ್ಕೆ ಕೊಡಿ. ಐದನೇ ಕ್ಲಾಸಿನ ಮಕ್ಕಳು ಓದುತ್ತಾರೆ.

———

> ನಡುವಿನ ಗಟ್ಟಿ ಕಡ್ಡಿ ರೇಕಿಸ್

'ಕಡ್ಡಿ' ಅಂತ ಪದ ನೀವೇ ಬರೆದಿದ್ದೀರಲ್ಲ. ಆದರೂ ನನ್ನ ಓಟು 'ದಿಂಡು'ವಿಗೆ. ತೆಂಗಿನದೂ ಗರಿ, ನವಿಲಿನದೂ ಗರಿ. ಸೋಗೆಯೂ ಹಾಗೇ, ಅಡಿಕೆಗೂ ಉಂಟು, ನವಿಲಿಗೂ ಉಂಟು. ತಮಾಷೆ ಅಂದರೆ ಸಸ್ಯಶಾಸ್ತ್ರದವರೂ ತೆಂಗಿನ ಗರಿಯ ನಡುದಿಂಡನ್ನು ರೇಕಿಸ್ ಅಂತಲೇ ಕರೆಯುತ್ತಾರೆ. ಬಾರ್ಬಿಗೆ 'ಎಳೆ' ಸಾಕು. ಬಾರ್ಬ್ಯೂಲಿಗೆ ದಯವಿಟ್ಟು 'ಕಿರುಎಳೆ' ಅನ್ನಬೇಡಿ, ಅದು ಕನ್ನಡದ ಜಾಯಮಾನವೇ ಅಲ್ಲ. ಕಿತ್ತಡಿ ಇದ್ದ ಹಾಗೆ 'ಕಿತ್ತೆಳೆ'.

ಗರಿ ಅಂತಲೇ ಬರೆಯಿರಿ, ಪುಕ್ಕ ಬೇಡ. ಪುಕ್ಕ ಬಂದಿದ್ದು ಸಂಸ್ಕೃತದ ಪುಂಖದಿಂದ, ಅಂದರೆ ಬಾಣದ ಗರಿ ಕಟ್ಟಿದ ಬುಡ, ಪುಂಖಾನುಪುಂಖ ಅಂತೀವಲ್ಲ, ಅದೇ. ಹಳಗನ್ನಡದ ಪಕಾರ ಹಕಾರವಾಗಿ ಪೀಲಿ ಹೀಲಿಯಾಯಿತು. ಪುಕ್ಕ ನಮ್ಮದೇ ಆಗಿದ್ದರೆ ಹುಕ್ಕ ಆಗಬೇಕಿತ್ತು.

———

ಪುಟ್ಟ ಹುಟ್ಟ ಆಯಿತೇ? ಪೊರಕೆ? ಪೊದೆ? ಸುಮ್ನೆ ನಿಯಮ ಹೇರಬೇಡಿ.

ಇನ್ನು 'ಕಿತ್ತೆಳೆ'. ಫಲಕ ನೋಡಿದ ಮಗು ಕಿತ್ತಳೆ ಅಂತ ಓದುತ್ತೆ. ಇಲ್ಲಾ ಗರಿಯನ್ನು ಕಿತ್ತು ಎಳೆಯುತ್ತೆ.

———

ಕ್ಯಾಲಮಸ್ಸನ್ನು ಯಾಕೆ ಓಡಿಸುತ್ತೀರಿ? ಅದು ಗ್ರೀಕಿನ ಜೊಂಡಿನ ಕಡ್ಡಿ. ಅದೇ ಅರಬ್ಬಿಯಲ್ಲಿ ಕಲಮ್, ಅಂದರೆ ಲೇಖನಿ. ಅಲ್ಲಿಂದ ನಮ್ಮ ಕಾನೂನಿನ 'ಕಲಂ'. ಕಲಂ 370 ಅನ್ನುವಾಗ ಯಾರಿಗೂ ನಾಲಿಗೆ ತೊಡರಲ್ಲ, ಕ್ಯಾಲಮಸ್ ಅಂದರೆ ಮಾತ್ರ ಮೈಲಿಗೆಯಾ? ಜೇಬಿನ ಪೆನ್ನೂ ಲ್ಯಾಟಿನ್ನಿನ ಗರಿಯೇ, ಪೆನ್ನ. ಅವರು ಹೆಬ್ಬಾತಿನ ಗರಿಯ ಬುಡ ಕೊಯ್ದು ಶಾಯಿಗೆ ಅದ್ದಿ ಬರೆಯುತ್ತಿದ್ದರು. ನಮ್ಮಲ್ಲಿ ಕಂಟ ಅನ್ನುವ ಮೊನೆಯಾದ ಕಡ್ಡಿ ಹಿಡಿದು ಓಲೆಗರಿಯ ಮೇಲೆ ಗೀಚುತ್ತಿದ್ದರು. ಎಲ್ಲ ಮಡಿ ಮಾಡುತ್ತಾ ಕೂತರೆ ನವಿಲಿನ ಪಿಂಛವನ್ನೂ ಬಿಡಬೇಕಾಗುತ್ತೆ. ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛಿಗೆ ಏನು ಹೆಸರಿಡುತ್ತೀರಿ?

———

ಪಿಂಛಿಯನ್ನು ಯಾರು ಕೇಳಿದರು? ಊರು ನುಂಗಿದ ಪದವೂ ನಿನ್ನೆ ಪುಸ್ತಕದಿಂದ ಇಳಿದ ಪದವೂ ಒಂದೇನಾ? ಕಲಂ ಜನ ತಂದುಕೊಂಡದ್ದು. ಬಾರ್ಬ್ಯೂಲ್ ಮೇಷ್ಟ್ರು ಹೇರುವುದು. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

———

ಸಾರ್, ಜಗಳ ಆಮೇಲೆ. ಡಿಸೈನ್ ಮಾಡುವ ಹುಡುಗ ಫೋನ್ ಮೇಲೆ ಫೋನ್ ಮಾಡ್ತಿದ್ದಾನೆ. ದಿಂಡು, ಬುಡಗೊಳವೆ, ಎಳೆ, ಮರಿಎಳೆ, ಕೊಕ್ಕೆ ಅಂತ ಹಾಕಿಸಿದ್ದೇನೆ. ಕಿರು ಆದರೆ ವ್ಯಾಕರಣದವರು ಬಿಡಲ್ಲ, ಅದಕ್ಕೇ ಮರಿ. ಬುಡಗೊಳವೆ ನಾನೇ ಕಟ್ಟಿದ್ದು, ಬೈಯುವವರು ಇವತ್ತು ರಾತ್ರಿಯೊಳಗೆ ಬೈಯಿರಿ.

ಇನ್ನೊಂದು ಪದ ಉಳಿದಿದೆ. ಮರಿಹಕ್ಕಿಯ ಮೈಮೇಲಿನ ಮೆತ್ತನೆಯದಕ್ಕೆ 'ತುಪ್ಪುಳು' ಅಂತ ಬರೆದಿದ್ದೇನೆ. ಅದರಲ್ಲೂ ದೊಡ್ಡ ಗರಿಯಂತೆ ಎಳೆ, ಮರಿಎಳೆ ಇವೆ. ಆದರೆ ಕೊಕ್ಕೆ ಇಲ್ಲ, ಹಾಗಾಗಿ ಒಂದಕ್ಕೊಂದು ಕಚ್ಚಿಕೊಳ್ಳದೆ ಕೆದರಿಕೊಂಡು ಗಾಳಿ ಹಿಡಿದಿಟ್ಟುಕೊಳ್ಳುತ್ತೆ, ಮರಿ ಬೆಚ್ಚಗಿರುತ್ತೆ. ನಮ್ಮ ಕಡೆ ಮೊಲದ ಮೈಗೂ ತುಪ್ಪಳ ಅಂತಾರೆ. ಫಲಕದಲ್ಲಿ ಹಕ್ಕಿಗೆ ತುಪ್ಪುಳು ಅಂದರೆ ಗೊಂದಲ ಆಗುತ್ತಾ? ಮಂಡ್ಯ, ಧಾರವಾಡ, ಮಂಗಳೂರು ಕಡೆಯವರು ನಿಮ್ಮಲ್ಲಿ ಕೋಳಿಮರಿಯ ಮೈಗೆ ಏನಂತಾರೆ, ಅಷ್ಟು ಹೇಳಿ. ವ್ಯುತ್ಪತ್ತಿ ಬೇಡ.