ಸಹಾಯ ಬೇಕು: ಉಪ್ಪುನೀರು ಹೊಕ್ಕ ಹಳೆ ಫಿಶ್ ಫೈಂಡರ್ ಬೋರ್ಡ್

ದೋಣಿಯ ಹಳೆ ಫಿಶ್ ಫೈಂಡರ್ (ನೀರಿನಡಿ ಮೀನು ಎಲ್ಲಿದೆ ಎಂದು ತೋರಿಸುವ ಸಾಧನ) ಆನ್ ಆಗುತ್ತಿಲ್ಲ. ಒಳಗೆ ಉಪ್ಪುನೀರು ಹೋಗಿತ್ತು. ಮಾಡೆಲ್ ನಿಂತುಹೋಗಿದೆ, ಸರ್ಕ್ಯೂಟ್ ಡಯಾಗ್ರಾಮ್ ಸಿಗಲಿಲ್ಲ. ಅಪ್ಪ ಬಳಸಿದ್ದು, ಎಸೆಯಲು ಮನಸ್ಸಿಲ್ಲ.

ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್‌ನಿಂದ ತೊಳೆದೆ. ಹಸಿರುಗಟ್ಟಿ ತುಂಡಾಗಿದ್ದ ಎರಡು ಟ್ರ್ಯಾಕ್‌ಗಳಿಗೆ (ಬೋರ್ಡ್ ಮೇಲಿನ ತಾಮ್ರದ ಗೆರೆಗಳಿಗೆ) ತೆಳು ತಂತಿ ಬೆಸುಗೆ ಹಾಕಿದೆ. 12 ವೋಲ್ಟ್ ಒಳಗೆ ಬರುತ್ತಿದೆ. ಆದರೆ ಅದನ್ನು 5 ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್‌ನಿಂದ 5 ವೋಲ್ಟ್ ಬದಲು 2.8 ಮಾತ್ರ, ಅದೂ ಮುಟ್ಟಲಾಗದಷ್ಟು ಬಿಸಿ. ಔಟ್‌ಪುಟ್ ಕಾಲು ಬಿಡಿಸಿದರೆ ಸರಿಯಾಗಿ 5 ಬರುತ್ತದೆ. ಅಂದರೆ ಮುಂದೆ ಎಲ್ಲೋ ಶಾರ್ಟ್ ಇದೆ, ಅಲ್ವಾ?

ಆ 5 ವೋಲ್ಟ್ ಲೈನಿನಲ್ಲಿ ಸಣ್ಣ ಕೆಪಾಸಿಟರ್‌ಗಳೇ ಜಾಸ್ತಿ. ಸುಮ್ನೆ ಒಂದೊಂದೇ ಕಿತ್ತರೆ ಪ್ಯಾಡ್ (ಬೆಸುಗೆ ಕೂರುವ ತಾಮ್ರದ ಚುಕ್ಕೆ) ಎದ್ದು ಬರುವ ಭಯ. ಹೊರಗಿನ ಪವರ್ ಸಪ್ಲೈಯಿಂದ ಆ ಲೈನಿಗೆ ಕಡಿಮೆ ವೋಲ್ಟೇಜ್ ಕೊಟ್ಟು, ಬಿಸಿಯಾಗುವ ಭಾಗ ಹುಡುಕಬಹುದಾ? ಎಷ್ಟು ವೋಲ್ಟ್, ಎಷ್ಟು ಕರೆಂಟ್ ಲಿಮಿಟ್ ಇಟ್ಟರೆ ಪ್ರೊಸೆಸರ್‌ಗೆ ಅಪಾಯವಿಲ್ಲ?